ನಾಲ್ಕನೆಯ ಸ್ಥಾನಕ್ಕೆ ಒಂದು ಪೂಜೆ

ಬ್ರಿಟಿಷ್ ಫುಟ್ಬಾಲಿನಲ್ಲಿ ಪಿಯುಸ್ ರೇಗೊನಿಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಅದು ಮಿಸೆಸ್ ಮ್ಯಾಕ್ರೇಯ ಕತ್ತರಿಗೆ ಸಿಕ್ಕಿದ್ದು ಎಂದು ಅವನ ಆಫೀಸಿನಲ್ಲಿ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಒಮಾನಿನ ಮಸ್ಕತ್ತಿನ ರೂವಿ ಬಡಾವಣೆಯಲ್ಲಿದ್ದ ಒಂದು ಕಟ್ಟಡ ಕನ್ಸಲ್ಟೆಂಟ್ ಕಂಪನಿಯಲ್ಲಿ ಪಿಯುಸ್ ಫೈಲುಗಳನ್ನು ನೋಡಿಕೊಳ್ಳುವ ಗುಮಾಸ್ತ. ಗ್ಲಾಸ್ಗೋದವರಾದ ಚೀಫ್ ಎಂಜಿನಿಯರ್ ಮ್ಯಾಕ್ರೇ ಅವರಿಗೆ ಲಂಡನ್ನಿನ ಪತ್ರಿಕೆಗಳು ವಿಮಾನದಲ್ಲಿ ಮೂರು ದಿನ ತಡವಾಗಿ ಬರುತ್ತಿದ್ದವು. ಅವರು ಓದಿದ ಮೇಲೆ ಅವರ ಹೆಂಡತಿ ಪದಬಂಧವನ್ನು ಕತ್ತರಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ಉಳಿದದ್ದು ಪಿಯುಸ್‌ಗೆ. ಪದಬಂಧದ ಹಿಂಬದಿಯಲ್ಲಿ ಸಾಮಾನ್ಯವಾಗಿ ಕ್ರೀಡಾಪುಟ ಇರುತ್ತಿದ್ದುದರಿಂದ, ಹನ್ನೊಂದು ವರ್ಷಗಳಲ್ಲಿ ಅವನ ತಲೆಯಲ್ಲಿ ತುಂಬಿಕೊಂಡ ಫುಟ್ಬಾಲಿನಲ್ಲಿ ಅಲ್ಲಲ್ಲಿ ಅಂಗೈಯಗಲದ ಚೌಕ ತೂತುಗಳಿದ್ದವು. ಎಷ್ಟೋ ಪಂದ್ಯಗಳು ಅವನಿಗೆ ಎಪ್ಪತ್ತನೆಯ ನಿಮಿಷದವರೆಗೆ ಮಾತ್ರ ಗೊತ್ತು.

ಅವನು ಜೀವಮಾನದಲ್ಲಿ ಚೆಂಡು ಒದ್ದವನಲ್ಲ. ಮಂಗಳೂರಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಆಡುವವರ ಚಪ್ಪಲಿ ಕಾಯುವ ಕೆಲಸ ಅವನದಾಗಿತ್ತು. ಅದನ್ನು ಒಂದು ಜೊತೆಯೂ ಕಳೆಯದಂತೆ ಮಾಡಿದ್ದ. ಆದರೂ ವಾರದ ರಜೆಯಾದ ಶುಕ್ರವಾರ ಸಂಜೆ ವಾದಿಯ, ಎಂದರೆ ಒಣಹೊಳೆಯ, ಜಲ್ಲಿ ಮೈದಾನದಲ್ಲಿ ಊರಿನ ಹುಡುಗರ ಪಂದ್ಯ ಮುಗಿದ ಮೇಲೆ ಯಾರು ಯಾವ ವರ್ಷ ಯಾವ ಕಪ್ ಗೆದ್ದರು ಎಂಬ ಜಗಳ ಎದ್ದರೆ ಕೊನೆಯ ಮಾತು ಪಿಯುಸ್‌ನದೇ. ಒಮ್ಮೆಯೂ ಬೆವರದೆ ಸಂಪಾದಿಸಿದ ಈ ಗೌರವ ನ್ಯಾಯವಾದದ್ದಲ್ಲ ಎಂದು ಅವನಿಗೇ ಗೊತ್ತಿತ್ತು. ಹಾಗೆಂದು ಬಿಟ್ಟುಕೊಡಲೂ ಮನಸ್ಸಿರಲಿಲ್ಲ.

ಒಮಾನಿಗೆ ಬರುವ ಮೊದಲು ಹನ್ನೊಂದು ವರ್ಷ ಅವನು ಮಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ. ಬರೆದವರ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ತಿದ್ದಿದವನ ಹೆಸರು ಬರುತ್ತಿದ್ದುದು ತಪ್ಪು ಉಳಿದಾಗ ಮಾತ್ರ, ಅದೂ ಒಳಗಿನ ನೋಟೀಸು ಬೋರ್ಡಿನಲ್ಲಿ. ಅಲ್ಲಿ ಒಂದು ಸಲವೂ ಅವನ ಹೆಸರು ಬರಲಿಲ್ಲ. ಇದನ್ನು ಹೆಮ್ಮೆಯ ವಿಷಯವೆಂದು ಅವನು ಹೇಳಿಕೊಳ್ಳುತ್ತಿದ್ದನಾದರೂ, ಇದರ ಸರಳ ಅರ್ಥ ಅವನ ಹೆಸರನ್ನು ಯಾರೂ ಎಲ್ಲಿಯೂ ಅಚ್ಚಿನಲ್ಲಿ ನೋಡಿಲ್ಲ ಎಂಬುದು.

ಹಾಗಾಗಿ 1992ರ ಜೂನ್‌ನಲ್ಲಿ, ಮಸ್ಕತ್ತಿನ ಕರಾವಳಿ ಬಳಗ ಹತ್ತು ವರ್ಷ ತುಂಬಿದ ನೆನಪಿಗೆ ಒಂದು ಸ್ಮರಣ ಸಂಚಿಕೆ ತರಬೇಕೆಂದು ನಿರ್ಧರಿಸಿದಾಗ, ಪಿಯುಸ್‌ಗೆ ಬೇಕಾಗಿದ್ದದ್ದು ಒಂದೇ: 'ಸಂಪಾದಕ' ಎಂಬ ಪದದ ಮುಂದೆ ತನ್ನ ಹೆಸರು.

ಬಳಗದ ಅಧ್ಯಕ್ಷ ಆಸ್ವಾಲ್ಡ್, ಶಿರ್ವದವನು, ಬೇರೆ ಯೋಚನೆಯಲ್ಲಿದ್ದ. ಸಭೆ ಸೇರಿದ್ದು ಬಾಸಿಲ್‌ನ ಫ್ಲ್ಯಾಟಿನಲ್ಲಿ. ಬಾಸಿಲ್ ಮೂವತ್ತರ ತರುಣ, ಬಿ.ಎ. ಓದಿದವನು, ಬ್ಯಾಂಕಿನಲ್ಲಿ ಕೆಲಸ.

"ಬಾಸಿಲ್ ಮಾಡ್ಲಿ," ಎಂದ ಆಸ್ವಾಲ್ಡ್. "ಕನ್ನಡ, ಇಂಗ್ಲಿಷ್, ಕೊಂಕಣಿ ಮೂರೂ ಬರ್ತದೆ ಅವನಿಗೆ. ಪಿಯುಸಾಬ್, ನೀವು ಸಹಾಯಕ್ಕಿರಿ."

"ನಾನು ಹನ್ನೊಂದು ವರ್ಷ ಪತ್ರಿಕೆಯಲ್ಲಿದ್ದವ," ಎಂದ ಪಿಯುಸ್. "ಬರೀಲಿಕ್ಕೆ ಯಾರಿಗಾದ್ರೂ ಬರ್ತದೆ. ತಪ್ಪಿಲ್ಲದೆ ಅಚ್ಚು ಹಾಕ್ಲಿಕ್ಕೆ ಬರಬೇಕಲ್ಲ? ಈ ಸಂಚಿಕೆಯಲ್ಲಿ ಸಂಗತಿಯ ತಪ್ಪು ಒಂದು, ಒಂದೇ ಒಂದು ಸಿಕ್ಕಿದ್ರೆ ನಾನೇ ಹುದ್ದೆ ಬಿಡ್ತೇನೆ. ಬರ್ಕೊಳ್ಳಿ ಬೇಕಾದ್ರೆ."

ಇದು ಸಭೆಯಲ್ಲಿ ಹೇಳುವ ಮಾತು. ಇದನ್ನು ಯಾರೂ ನಿಜವಾಗಿ ಬರೆದುಕೊಳ್ಳುವುದಿಲ್ಲ. ಆದರೆ ಬಾಸಿಲ್ ಕಾರ್ಯದರ್ಶಿಯೂ ಆಗಿದ್ದ. ಅವನು ಸುಂದರವಾದ ಅಕ್ಷರಗಳಲ್ಲಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡ. ಸಂಪಾದಕ ಹುದ್ದೆ ಪಿಯುಸ್‌ಗೆ ಸಿಕ್ಕಿತು.

ಸಂಚಿಕೆಗೆ ಪಿಯುಸ್ ತಾನೇ ಒಂದು ಲೇಖನ ಬರೆಯುವುದಾಗಿ ಹೇಳಿದ: 'ಬ್ರಿಟನ್ನಿನ ಸಾರ್ವಕಾಲಿಕ ಶ್ರೇಷ್ಠ ಏಳು ಫುಟ್ಬಾಲ್ ಮ್ಯಾನೇಜರುಗಳು'. ಪಟ್ಟಿಯನ್ನು ಜುಲೈ ತಿಂಗಳ ಸಭೆಯಲ್ಲಿ ಓದಿದ. ಒಂದು, ಜಾಕ್ ಸ್ಟೈನ್. ಎರಡು, ಹರ್ಬರ್ಟ್ ಚಾಪ್ಮನ್. ಮೂರು, ಬಿಲ್ ಶಾಂಕ್ಲಿ. ನಾಲ್ಕು, ಬಿಲ್ ನಿಕಲ್ಸನ್. ಐದು, ಡಾನ್ ರೆವಿ. ಆರು, ಹ್ಯಾರಿ ಕ್ಯಾಟರಿಕ್. ಏಳು, ಜೋ ಮರ್ಸರ್.

"ಪೈಸ್ಲಿ ಎಲ್ಲಿ?" ಎಂದ ಬಾಸಿಲ್. "ಮೂರು ಯುರೋಪಿಯನ್ ಕಪ್ ಪಿಯುಸಾಬ್! ಮೂರು!"

"ಬದುಕಿದ್ದಾರೆ."

"ಅಂದ್ರೆ?"

"ಬದುಕಿದ್ದವರ ದಾಖಲೆ ಮುಗಿದಿಲ್ಲ. ಮುಗಿಯದ ದಾಖಲೆಗೆ ಸ್ಥಾನ ಕೊಡ್ಲಿಕ್ಕೆ ಆಗುದಿಲ್ಲ. ಬದುಕಿದ್ದವರನ್ನು ಪೋಪ್ ಸಂತರು ಅಂತ ಮಾಡ್ತಾರಾ?"

"ಹಾಗಾದ್ರೆ ಬಸ್ಬಿ?"

"ಬದುಕಿದ್ದಾರೆ."

"ರಾಮ್ಸೆ? ವರ್ಲ್ಡ್ ಕಪ್ ತಂದುಕೊಟ್ಟವರು!"

"ದೇವರ ದಯೆಯಿಂದ ಅವರೂ."

ಕಂಪನಿಯ ಪಿಕಪ್ ಓಡಿಸುವ ಕೊಗ್ಗ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಮೂಲ್ಕಿಯವನು, ಪಿಯುಸ್ ಬಂದ ವರ್ಷವೇ ಬಂದವನು. ತುಳುವರ ರೂಢಿಯಂತೆ ಕ್ರೈಸ್ತ ಗೆಳೆಯನನ್ನು 'ಪೊರ್ಬು' ಎಂದೇ ಕರೆಯುತ್ತಿದ್ದ. "ನಿಮ್ಮ ಲಿಸ್ಟಿಗೆ ಸೇರ್ಬೇಕಾದ್ರೆ ಮೊದ್ಲು ಸಾಯ್ಬೇಕು ಅಂತಾಯ್ತು ಪೊರ್ಬುಗಳೇ," ಎಂದ. "ಪಾಪ, ಅವ ಪೈಸ್ಲಿ ಎಂತ ತಪ್ಪು ಮಾಡಿದ? ಸರಿಯಾಗಿ ಊಟ ಮಾಡಿದ್ದಾ?"

"ಮತ್ತೆ ಮ್ಯಾಂಚೆಸ್ಟರಿನ ಫರ್ಗುಸನ್?" ಬಾಸಿಲ್ ಬಿಡಲಿಲ್ಲ.

"ಅಲ್ಲಿಗೆ ಬಂದು ಆರು ವರ್ಷ ಆಗ್ತಾ ಬಂತು, ಒಂದು ಲೀಗ್ ಇಲ್ಲ," ಎಂದ ಪಿಯುಸ್. "ಅವರ ಹೆಸರು ಇನ್ನೆರಡು ವರ್ಷಕ್ಕೆ ಯಾರಿಗೂ ನೆನಪಿರುದಿಲ್ಲ." ಈ ವಾಕ್ಯವನ್ನು ಲೇಖನಕ್ಕೂ ಸೇರಿಸಬೇಕೆಂದಿದ್ದು, ಜಾಗ ಸಾಲದೆ ಬಿಟ್ಟ. ಅದೇ ಫರ್ಗುಸನ್ ಮುಂದೆ ಹದಿಮೂರು ಲೀಗ್ ಗೆದ್ದರು. ಅವನ ಬದುಕಿನಲ್ಲಿ ಜಾಗದ ಅಭಾವ ಮಾಡಿದ ದೊಡ್ಡ ಉಪಕಾರ ಅದು.

ಐದನೆಯವರಾದ ರೆವಿ 1977ರಲ್ಲಿ ಇಂಗ್ಲೆಂಡ್ ತಂಡ ಬಿಟ್ಟು ಯುಎಇ ತಂಡಕ್ಕೆ ಹೋದರು ಎಂಬಲ್ಲಿಗೆ ಬಂದಾಗ ಕೊಗ್ಗ ಚಹಾದ ಲೋಟ ಕೆಳಗಿಟ್ಟ.

"ಸಂಬಳಕ್ಕಾ?"

"ಸಂಬಳಕ್ಕೇ. ಅಲ್ಲಿಯ ಪತ್ರಿಕೆಗಳು ತುಂಬ ಬೈದವು."

"ನಮ್ಮವನೇ ಹಾಗಾದ್ರೆ! ಗಲ್ಫಿಗೆ ಬಂದವ! ಅವನನ್ನು ಐದರಲ್ಲಿ ಇಟ್ಟದ್ದು ಯಾಕೆ ಮಾರ್ರೆ? ಒಂದನೇ ನಂಬ್ರ ಮಾಡಿ."

ಪಟ್ಟಿ ಹಾಗೆಯೇ ಪಾಸಾಯಿತು. ಪಿಯುಸ್ ಪ್ರತಿಯೊಬ್ಬ ಮ್ಯಾನೇಜರಿಗೂ ಒಂದೊಂದು ಕಾರ್ಡು ಮಾಡಿದ್ದ: ಹುಟ್ಟು, ಕ್ಲಬ್ಬುಗಳು, ಕಪ್ಪುಗಳು, ಸಾವು. ಚಾಪ್ಮನ್, 6 ಜನವರಿ 1934. ಶಾಂಕ್ಲಿ, 29 ಸೆಪ್ಟೆಂಬರ್ 1981. ಕ್ಯಾಟರಿಕ್, 9 ಮಾರ್ಚ್ 1985, ತಮ್ಮದೇ ಎವರ್ಟನ್ ಮೈದಾನದಲ್ಲಿ ಪಂದ್ಯ ನೋಡುತ್ತಾ. ಸ್ಟೈನ್, 10 ಸೆಪ್ಟೆಂಬರ್ 1985, ಕಾರ್ಡಿಫ್, ಅದೂ ಪಂದ್ಯದ ದಿನವೇ ಮೈದಾನದಲ್ಲಿ. ರೆವಿ, 26 ಮೇ 1989. ಮರ್ಸರ್, 9 ಆಗಸ್ಟ್ 1990. ಹಳಬರ ತಾರೀಕುಗಳನ್ನು ಮ್ಯಾಕ್ರೇ ಅವರಿಂದ ಕಡ ತಂದ, 1990ರಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕದಲ್ಲಿ ನೋಡಿ ಎರಡೆರಡು ಸಲ ತಾಳೆ ಹಾಕಿದ್ದ.

ನಿಕಲ್ಸನ್ ಕಾರ್ಡಿನಲ್ಲಿ ಮಾತ್ರ ಕೊನೆಯ ಸಾಲು ಖಾಲಿಯಾಗಿತ್ತು. ಉಳಿದ ವಿವರಗಳೆಲ್ಲ ಚೊಕ್ಕ: 1961ರಲ್ಲಿ ಟಾಟನ್‌ಹ್ಯಾಮ್ ತಂಡಕ್ಕೆ ಒಂದೇ ವರ್ಷ ಲೀಗೂ ಎಫ್.ಎ. ಕಪ್ಪೂ, 1963ರಲ್ಲಿ ಯುರೋಪಿನ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡ. ಅವರು ತೀರಿಹೋದ ಸುದ್ದಿ ಪಿಯುಸ್‌ಗೆ ಸಿಕ್ಕಿದ್ದು 1991ರ ಮೇ ತಿಂಗಳ ಒಂದು ಹಾಳೆಯಲ್ಲಿ. ಆ ತಿಂಗಳ 18ರಂದು ಟಾಟನ್‌ಹ್ಯಾಮ್ ಎಫ್.ಎ. ಕಪ್ ಗೆದ್ದಿತ್ತು. ಅದರ ವರದಿಯ ಪಕ್ಕದಲ್ಲಿ ಒಂದು ಕಾಲಮ್ ಅಗಲದಲ್ಲಿ ನಿಕಲ್ಸನ್ ಅವರ ಚಿತ್ರ, ಸುತ್ತ ದಪ್ಪ ಕಪ್ಪು ಗೆರೆ. ಕೆಳಗೆ ಅವರು ಎಂಥ ಮನುಷ್ಯರಾಗಿದ್ದರು, ಹೇಗೆ ತಂಡ ಕಟ್ಟಿದ್ದರು ಎಂಬ ನಾಲ್ಕು ಸಾಲು. ಉಳಿದದ್ದು ಮಿಸೆಸ್ ಮ್ಯಾಕ್ರೇಯ ಚೌಕ.

ಮಂಗಳೂರಿನಲ್ಲಿ ಪತ್ರಿಕೆ ಓದುವ ಯಾರನ್ನಾದರೂ ಕೇಳಿ: ಒಂದು ಕಾಲಮಿನ ಮುಖಚಿತ್ರ, ಸುತ್ತ ಕಪ್ಪು ಗೆರೆ, ಕೆಳಗೆ ಹೊಗಳಿಕೆ ಎಂದರೆ ಏನು? ಶ್ರದ್ಧಾಂಜಲಿ. ಪಿಯುಸ್ ಹನ್ನೊಂದು ವರ್ಷಗಳಲ್ಲಿ ಅಂಥ ಸಾವಿರಾರು ಚೌಕಟ್ಟುಗಳ ಕರಡು ನೋಡಿದ್ದ. ಆ ಗೆರೆ ಕಂಡರೆ ಅವನ ಕೈ ತಾನಾಗಿ ಹಣೆಗೆ ಹೋಗಿ ಶಿಲುಬೆಯ ಗುರುತು ಹಾಕುತ್ತಿತ್ತು. ಅಂದೂ ಹಾಕಿತ್ತು.

ತಾರೀಕು ಎಲ್ಲಿಯೂ ಸಿಗದಿದ್ದಾಗ ಅವನು ಲೇಖನದಲ್ಲಿ ಬರೆದ: '1991ರ ಮೇ ತಿಂಗಳ ಸುಮಾರಿಗೆ ನಿಧನರಾದರು.' 'ಸುಮಾರಿಗೆ' ಎಂಬ ಪದವನ್ನು ಅವನು ಬೇರೆಯವರ ಬರಹದಲ್ಲಿ ಕಂಡಾಗಲೆಲ್ಲ ಕೆಂಪು ಗೆರೆ ಎಳೆದು ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕುತ್ತಿದ್ದ. ತನ್ನದರಲ್ಲಿ ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಎನಿಸಿತು. ನಿಕಲ್ಸನ್ ಅವರನ್ನು ಬಿಟ್ಟರೆ ಪಟ್ಟಿ ಆರಕ್ಕಿಳಿಯುತ್ತಿತ್ತು. ಏಳು ಎಂಬುದಕ್ಕಿರುವ ಗಾಂಭೀರ್ಯ ಆರಕ್ಕೆಲ್ಲಿ?

ಸಂಚಿಕೆ ಮಂಗಳೂರಿನಲ್ಲಿ ಅಚ್ಚಾಯಿತು. ಮುನ್ನೂರು ಪ್ರತಿಗಳು ರಜೆ ಮುಗಿಸಿ ಬಂದ ಮೂರು ಕುಟುಂಬಗಳ ಲಗೇಜಿನಲ್ಲಿ ಹಪ್ಪಳ, ಉಪ್ಪಿನಕಾಯಿಗಳ ಜೊತೆ ಬೊಂಬಾಯಿ ದಾರಿಯಾಗಿ ಮಸ್ಕತ್ತಿಗೆ ಬಂದವು. ಬಿಡುಗಡೆ ನವೆಂಬರ್ 20, ಶುಕ್ರವಾರ ಸಂಜೆ. ಪಿಯುಸ್ ಪೆಟ್ಟಿಗೆಗಳನ್ನು ಕೆಲವು ದಿನ ಮೊದಲೇ ಅಲ್ ಅಜೈಬಾದ ತನ್ನ ಮನೆಗೆ ತಂದು, ಕೈ ತೊಳೆದು ಒರೆಸಿ, ಮೊದಲ ಪ್ರತಿಯ ಮೂರನೆಯ ಪುಟ ತೆರೆದ. 'ಸಂಪಾದಕ: ಪಿಯುಸ್ ರೇಗೊ.' ಮಾವಿನ ಮಿಡಿಯ ವಾಸನೆ ಬರುತ್ತಿತ್ತು. ಹೆಂಡತಿ ಮಾರ್ಗರೆಟ್‌ಗೆ ತೋರಿಸಿದ. ಮಗಳು ಪ್ಯಾಟ್ರಿಷಿಯಾಗೆ ತೋರಿಸಿದ. ಅವಳು "ನೈಸ್, ಪಾಪಾ," ಎಂದಳು. ನಂತರ ಏನೋ ಮರೆತವನಂತೆ ಅಡಿಗೆಮನೆಗೆ ಹೋಗಿ ಮಾರ್ಗರೆಟ್‌ಗೆ ಮತ್ತೊಮ್ಮೆ ತೋರಿಸಿದ.

ಪುಟ 41ರ ಲೇಖನವನ್ನು ಅವನೇ ಗಟ್ಟಿಯಾಗಿ ಓದಿ ಹೇಳಿದ ಮೇಲೆ ಮಾರ್ಗರೆಟ್ ಕೇಳಿದಳು: "ಈ ಏಳೂ ಜನ ಸತ್ತವರಾ?"

"ಏಳೂ."

"ಏಳು ಜನರ ಸಾವಿನ ಮೇಲೆ ನೀವು ಹೆಸರು ಮಾಡ್ಕೊಳ್ತಾ ಇದ್ದೀರಿ. ಅವರ ಆತ್ಮಕ್ಕೆ ಚರ್ಚಿನಲ್ಲಿ ಒಂದು ಪೂಜೆ ಕೊಡಬಾರದಾ?"

"ಎಲ್ಲ ಕಥೊಲಿಕರಲ್ಲ ಅವರು."

"ಸತ್ತ ಮೇಲೆ ಯಾರು ಕೇಳ್ತಾರೆ ಅದನ್ನು?"

ಪಿಯುಸ್ ಒಪ್ಪಿದ. ಬಿಡುಗಡೆಯ ದಿನ ಬೆಳಿಗ್ಗೆಯೇ ಪೂಜೆ. ಕೊಂಕಣಿ ಪೂಜೆಗೆ ಕೊಟ್ಟರೆ ಹೆಸರುಗಳನ್ನು ಸರಿಯಾಗಿ ಓದಲಿಕ್ಕಿಲ್ಲ ಎಂದು ಇಂಗ್ಲಿಷ್ ಪೂಜೆಗೇ ಕೊಟ್ಟ. ಚೀಟಿಯಲ್ಲಿ ಜಾಕ್, ಬಿಲ್ ಎಂದು ಕರೆಯುವ ಹೆಸರು ಬರೆಯದೆ, ಮನೆತನದ ಹೆಸರಿನ ಜೊತೆ ದೀಕ್ಷಾಸ್ನಾನದ ಹೆಸರುಗಳನ್ನೇ ಬರೆದ: ಜಾನ್, ಹರ್ಬರ್ಟ್, ವಿಲಿಯಂ, ಇನ್ನೊಬ್ಬ ವಿಲಿಯಂ, ಡೊನಾಲ್ಡ್, ಹ್ಯಾರಿ, ಜೋಸೆಫ್. ಇಷ್ಟು ಕಟ್ಟುನಿಟ್ಟಾಗಿರದಿದ್ದರೆ ಅವನು ಬಚಾವಾಗುತ್ತಿದ್ದ.

ರೂವಿಯ ಇಗರ್ಜಿಯಲ್ಲಿ ಇಂಗ್ಲಿಷ್ ಪೂಜೆಗೆ ಬರುವವರಲ್ಲಿ ಮ್ಯಾಕ್ರೇ ಒಬ್ಬರು. ಅವರು ಎರಡು ಸಾಲು ಮುಂದೆ ಕೂತಿದ್ದರು. ಪಾದ್ರಿಗಳು ಪೂಜೆಯ ಉದ್ದೇಶ ಓದತೊಡಗಿದರು. 'ಜಾನ್ ಸ್ಟೈನ್ ಅವರ ಆತ್ಮಶಾಂತಿಗಾಗಿ' ಎಂದಾಗ ಸ್ಟೈನ್ ಕಟ್ಟಿದ ಸೆಲ್ಟಿಕ್ ತಂಡದ ಅಭಿಮಾನಿಯಾದ ಮ್ಯಾಕ್ರೇಯವರ ಕುತ್ತಿಗೆ ನೆಟ್ಟಗಾಯಿತು. 'ವಿಲಿಯಂ ಶಾಂಕ್ಲಿ' ಎಂದಾಗ ಅವರ ಭುಜ ಕುಲುಕಿತು. 'ವಿಲಿಯಂ ನಿಕಲ್ಸನ್' ಎಂದದ್ದೇ ತಡ, ಅವರು ಪೂರ್ತಿ ಹಿಂದಕ್ಕೆ ತಿರುಗಿ, ಸಾಲು ಸಾಲು ಮುಖಗಳಲ್ಲಿ ಹುಡುಕಿ, ಪಿಯುಸ್‌ನನ್ನು ಕಂಡುಹಿಡಿದರು.

ಪೂಜೆ ಮುಗಿದು ಅಂಗಳಕ್ಕೆ ಬಂದಾಗ ಅವರು ಕಾಯುತ್ತಿದ್ದರು.

"ರೇಗೊ, ಆ ಪಟ್ಟಿ ಈ ಊರಿನಲ್ಲಿ ನಿನ್ನದೇ ಆಗಿರಬೇಕು. ಬಿಲ್ ನಿಕಲ್ಸನ್ ಯಾವಾಗ ತೀರಿಕೊಂಡರು?"

"ಕಳೆದ ವರ್ಷ ಸರ್. ಮೇ ತಿಂಗಳ... ಸುಮಾರಿಗೆ."

"ನಿನಗೆ ಯಾರು ಹೇಳಿದರು?"

"ನಿಮ್ಮ ಪತ್ರಿಕೆಯೇ ಸರ್. ಕಪ್ಪು ಗೆರೆಯೊಳಗೆ ಚಿತ್ರ ಹಾಕಿದ್ದರು."

"ನಮ್ಮಲ್ಲಿ ಕಪ್ಪು ಗೆರೆ ಎಂದರೆ ಪುಟ ಚೆಂದ ಕಾಣಲಿ ಎಂದು ಹಾಕಿದ್ದು, ರೇಗೊ," ಎಂದರು ಮ್ಯಾಕ್ರೇ. "ಆ ಮನುಷ್ಯ ಬದುಕಿದ್ದಾರೆ."

"ಖಚಿತವೇ ಸರ್?"

ಪ್ರಶ್ನೆ ಉದ್ಧಟತನದ್ದಲ್ಲ, ವೃತ್ತಿಯದು. ಮ್ಯಾಕ್ರೇ ಅದನ್ನು ಹಾಗೆಯೇ ಸ್ವೀಕರಿಸಿದರು. ಟಾಟನ್‌ಹ್ಯಾಮ್ ಬೆಂಬಲಿಗನಾದ ತಮ್ಮ ಭಾವನನ್ನು ಕೇಳುತ್ತೇನೆ ಎಂದು ಹೋದರು. ಹನ್ನೊಂದೂವರೆಗೆ ಪಿಯುಸ್‌ನ ಮನೆಯ ಫೋನ್ ಹೊಡೆದುಕೊಂಡಿತು. "ಬದುಕಿದ್ದಾರೆ. ಲಂಡನ್ನಿನಲ್ಲಿ ಈಗ ಬೆಳಿಗ್ಗೆ ಏಳೂವರೆ; ಇದನ್ನು ಕೇಳಲು ಎಬ್ಬಿಸಿದ್ದಕ್ಕೆ ಭಾವ ನನಗೆ ಏನೆಂದ ಎಂದು ಪೂಜೆಯ ದಿನ ಹೇಳಲಾರೆ. ಚಿಂತೆ ಮಾಡಬೇಡ. ನಾನು ಯಾರಿಗೂ ಹೇಳುವುದಿಲ್ಲ, ನಿಮ್ಮ ಲಿಪಿ ಓದಲಿಕ್ಕೆ ಬರುವುದೂ ಇಲ್ಲ."

ಪಿಯುಸ್ ಫೋನ್ ಇಟ್ಟು ಸಂಚಿಕೆಯ ಪೆಟ್ಟಿಗೆಗಳನ್ನು ನೋಡಿದ. ಮುನ್ನೂರು ಪ್ರತಿಗಳು. ಮುನ್ನೂರರಲ್ಲೂ ಮೂರನೆಯ ಪುಟದಲ್ಲಿ ಅವನ ಹೆಸರು, ನಲವತ್ತೊಂದನೆಯ ಪುಟದಲ್ಲಿ ಅವನು ಕೊಂದ ಮನುಷ್ಯ.

ಆಸ್ವಾಲ್ಡ್‌ಗೆ ಫೋನ್ ಮಾಡಿದ.

"ಇಷ್ಟೇ ತಾನೇ?" ಎಂದ ಆಸ್ವಾಲ್ಡ್. "ಅವರಿಗೆ ವಯಸ್ಸೆಷ್ಟು?"

"ಎಪ್ಪತ್ತಮೂರು."

"ಮತ್ತೆಂತ? ಇವತ್ತಲ್ಲದಿದ್ರೆ ಇನ್ನೊಂದು ದಿನ ಹೋಗುವವರೇ. ನಾವು ಸ್ವಲ್ಪ ಮುಂಚೆ ಬರೆದೆವು, ಅಷ್ಟೇ. ಖಲಾಸ್! ಪಿಯುಸಾಬ್, ಊಟದವರು ಕೋರಿ ಸಾರಿಗೆ ಮಸಾಲೆ ಕಡಿಮೆ ಮಾಡ್ತೇವೆ ಅಂತಿದ್ದಾರೆ, ನನ್ನ ತಲೆ ಅಲ್ಲಿ ಬಿಸಿಯಾಗಿದೆ."

ಮಾರ್ಗರೆಟ್ ಪಾದ್ರಿಗಳನ್ನು ಆಗಲೇ ಕೇಳಿಬಿಟ್ಟಿದ್ದಳು. ಬದುಕಿದ್ದವರಿಗೆ ಮಾಡಿದ ಪ್ರಾರ್ಥನೆ ವ್ಯರ್ಥವಾಗುವುದಿಲ್ಲ, ಆರೋಗ್ಯಕ್ಕೆ ಆಗುತ್ತದೆ ಎಂದು ಅವರು ಸಮಾಧಾನ ಹೇಳಿದ್ದರು. ಅವಳ ಚಿಂತೆ ಅಲ್ಲಿಗೆ ಮುಗಿದಿತ್ತು. "ಸುಮ್ಮನಿದ್ದುಬಿಡಿ," ಎಂದಳು. "ನಡಾವಳಿಯಲ್ಲಿ ಬೇರೆ ಬರೆದಿದೆ ಅಂತೀರಿ. ಇದನ್ನು ಹೇಳಿದರೆ ನಿಮ್ಮ ಸಂಪಾದಕ ಪಟ್ಟ ಹೋಯ್ತು. ಹೇಳದಿದ್ದರೆ ಯಾರಿಗೆ ಗೊತ್ತಾಗ್ತದೆ? ಆ ಪುಟ ಯಾರು ಓದ್ತಾರೆ?"

ಅವಳು ಒಳ್ಳೆಯದಕ್ಕೇ ಹೇಳಿದ್ದಳು. ಆದರೆ ಬೆಳಗಿನಿಂದ ಕೇಳಿದ ಎಲ್ಲದರಲ್ಲಿ ಅವನಿಗೆ ಚುಚ್ಚಿದ್ದು ಈ ಕೊನೆಯ ಮಾತು. ಅವನು ಲೆಕ್ಕ ಹಾಕಿದ. ಯಾರಾದರೂ ಓದಿದರೆ, ಅವನು ತಪ್ಪು ಬರೆದವನು. ಯಾರೂ ಓದದಿದ್ದರೆ, ಅವನು ಏನನ್ನೂ ಬರೆದವನಲ್ಲ. ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಉಳಿಯುವ ಸಂಪಾದಕ ಪಟ್ಟ ಎಂಥದ್ದು? ಹಪ್ಪಳ ಕಟ್ಟುವ ಕಾಗದಕ್ಕೂ ಅದಕ್ಕೂ ಏನು ವ್ಯತ್ಯಾಸ? ಇದು ನ್ಯಾಯನಿಷ್ಠೆಯೇನೂ ಅಲ್ಲ, ಜಂಬದ ಇನ್ನೊಂದು ಮುಖ ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೂ ಎದ್ದು ಕೊಗ್ಗನಿಗೆ ಫೋನ್ ಮಾಡಿದ. ಆಫೀಸಿನ ಬೀಗದ ಕೈ ರಜಾದಿನ ಕೊಗ್ಗನ ಹತ್ತಿರ ಇರುತ್ತಿತ್ತು.

ಪಿಕಪ್ ರೂವಿಯ ಕಡೆ ಹೊರಟಿತು. ನ್ಯಾಷನಲ್ ಡೇ ಮುಗಿದು ಎರಡೇ ದಿನ. ರಸ್ತೆಯ ಇಕ್ಕೆಲದಲ್ಲೂ ಬಾವುಟಗಳು, ಹಗಲಲ್ಲಿ ಬೆಳಗದ ದೀಪದ ಸರಗಳು. ಪಿಯುಸ್ ನಡೆದದ್ದೆಲ್ಲ ಹೇಳಿದ. ವಾದಿ ಅದಾಯಿಯ ತಿರುವಿನಲ್ಲಿ ಕೊಗ್ಗ ಗೇರು ಬದಲಿಸಿದ. ಆಮೇಲೆ ಕೇಳಿದ: "ಅಂದ್ರೆ ರೆವಿ ನಾಲ್ಕಕ್ಕೆ ಬಂದ?"

"ಬಂದ."

"ಒಳ್ಳೇದಾಯ್ತು."

ಆಫೀಸಿನಲ್ಲಿ ಕನ್ನಡದ ಟೈಪ್‌ರೈಟರ್ ಇರಲಿಲ್ಲ. ತಿದ್ದುಪಡಿಯನ್ನು ಕೈಯಲ್ಲೇ ಬರೆದು ಝೆರಾಕ್ಸ್ ಮಾಡಬೇಕು. ಪಿಯುಸ್ ಬರೆಯಲು ಕೂತ. ಮೊದಲ ಕರಡು ಒಂದೂವರೆ ಪುಟವಾಯಿತು. ಅದರಲ್ಲಿ ಕಪ್ಪು ಗೆರೆಯ ಇತಿಹಾಸ, ಮಿಸೆಸ್ ಮ್ಯಾಕ್ರೇಯ ಕತ್ತರಿ, ಒಮಾನಿನಲ್ಲಿ ಆಕರಗ್ರಂಥಗಳ ಕೊರತೆ, ಎಲ್ಲ ಇತ್ತು. ಕೊಗ್ಗ ಓದಿದ.

"ಇದು ತಿದ್ದುಪಡಿಯಾ, ಜಾಮೀನು ಅರ್ಜಿಯಾ ಪೊರ್ಬುಗಳೇ?"

ಎರಡನೆಯ ಕರಡಿನಲ್ಲಿ ಕತ್ತರಿ ಹೋಯಿತು. ಮೂರನೆಯದರಲ್ಲಿ ಕಪ್ಪು ಗೆರೆ ಹೋಯಿತು. ನಾಲ್ಕನೆಯದು ಹೀಗಿತ್ತು:

'ತಿದ್ದುಪಡಿ. ಪುಟ 41ರಲ್ಲಿ ನಾಲ್ಕನೆಯ ಸ್ಥಾನ ನೀಡಲಾದ ಶ್ರೀ ಬಿಲ್ ನಿಕಲ್ಸನ್ ಅವರು ಬದುಕಿದ್ದಾರೆ. ಆದ್ದರಿಂದ ಅವರು ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಗೆ ಅರ್ಹರಲ್ಲ. ಕೆಳಗಿನ ಮೂವರು ಒಂದೊಂದು ಸ್ಥಾನ ಮೇಲೆ ಬಂದಿದ್ದಾರೆ. ತಪ್ಪಿಗೆ ವಿಷಾದಿಸುತ್ತೇನೆ. ಪಿಯುಸ್ ರೇಗೊ, ಸಂಪಾದಕ.'

ಕೊಗ್ಗ ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಝೆರಾಕ್ಸ್ ಕಾಗದದ ಪೆಟ್ಟಿಗೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಎಂತ ತಮಾಷೆ?" ಎಂದ ಪಿಯುಸ್. "ಒಂದು ಅಕ್ಷರ ಸುಳ್ಳಿಲ್ಲ ಅದರಲ್ಲಿ."

"ಬದುಕಿದ್ದಾರೆ, ಆದ್ದರಿಂದ ಅರ್ಹರಲ್ಲ!" ಕೊಗ್ಗನಿಗೆ ಉಸಿರು ಸಿಗುತ್ತಿರಲಿಲ್ಲ. "ನಮ್ಮ ವೀಸಾ ಹಿಡಿದಿಟ್ಟ ಕಫೀಲ್ ಸಹ ಇಷ್ಟು ಅನ್ಯಾಯ ಮಾಡ್ಲಿಕ್ಕಿಲ್ಲ ಮಾರ್ರೆ!"

ಪಿಯುಸ್ ಕಾಗದ ಕಸಿದುಕೊಂಡು, ಬೇರ‍್ಯಾರೋ ಬರೆದ ಕರಡು ಎಂಬಂತೆ, ಬೆರಳಿಟ್ಟು ಓದಿದ. ಆಗ ಕಂಡಿತು. ತಪ್ಪಾದದ್ದು ಕಪ್ಪು ಗೆರೆಯೊಂದೇ ಅಲ್ಲ. ಮೂರು ಯುರೋಪಿಯನ್ ಕಪ್ ಗೆದ್ದವರನ್ನೂ ವರ್ಲ್ಡ್ ಕಪ್ ಗೆದ್ದವರನ್ನೂ ಉಸಿರಾಡುತ್ತಿದ್ದಾರೆ ಎಂಬ ಕಾರಣಕ್ಕೆ ಹೊರಗಿಟ್ಟ ನಿಯಮವೇ ಹುಚ್ಚು. ನಾಲ್ಕು ತಿಂಗಳು ಅದನ್ನು ಗಂಭೀರವಾಗಿ ಸಮರ್ಥಿಸಿಕೊಂಡಿದ್ದ ತನ್ನ ಮುಖವನ್ನು ನೆನೆಸಿಕೊಂಡಾಗ ಅವನ ಕಿವಿ ಬಿಸಿಯಾಯಿತು. ಆದರೆ ನಿಯಮ ಹುಚ್ಚಾದರೂ ತಿದ್ದುಪಡಿ ನಿಯಮಕ್ಕೆ ಸರಿಯಾಗಿತ್ತು. ತಿದ್ದುಪಡಿ ತಿದ್ದಬೇಕಾದ್ದನ್ನು ಮಾತ್ರ ತಿದ್ದುತ್ತದೆ. ಅವನು ಒಂದಕ್ಷರವೂ ಬದಲಿಸಲಿಲ್ಲ. ಒಂದು ಹಾಳೆಯಲ್ಲಿ ನಾಲ್ಕರಂತೆ ಎಪ್ಪತ್ತೈದು ಹಾಳೆ ತೆಗೆದರು. ಕೊಗ್ಗ ಕತ್ತರಿಸಿದ, ಪಿಯುಸ್ ಎಣಿಸಿದ.

ಸಂಜೆ ಸಭಾಂಗಣದ ಬಾಗಿಲಲ್ಲಿ ಪಿಯುಸ್ ತಾನೇ ನಿಂತು ಪ್ರತಿ ಸಂಚಿಕೆಯ ಮೇಲೂ ಒಂದು ಚೀಟಿ ಇಟ್ಟು ಕೊಟ್ಟ. ಒಳಗೆ ಪುಟ ತಿರುವುವ ಸದ್ದು ಬರಲಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಕಿಸಕ್ಕನೆ ನಗು, ಆಮೇಲೆ ಸಾಲು ಸಾಲಾಗಿ. ಹಿಂದಿನ ಕುರ್ಚಿಯಲ್ಲಿದ್ದ ಬಳಗದ ಸದಸ್ಯೆ ಖದೀಜಮ್ಮ ಗಂಡನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದುದು ಬಾಗಿಲವರೆಗೂ ಕೇಳಿಸಿತು.

ಸಂಪಾದಕರು ಎರಡು ಮಾತಾಡಬೇಕೆಂದು ಕರೆದಾಗ ಅವನು ವೇದಿಕೆ ಹತ್ತಿದ. ಬರೆದಿಟ್ಟುಕೊಂಡಿದ್ದ ಎಂಟು ಪುಟಗಳ ಭಾಷಣ ಜೇಬಿನಲ್ಲೇ ಇತ್ತು. "ಚೀಟಿ ಎಲ್ಲರಿಗೂ ಸಿಕ್ಕಿದೆ ಅಂದುಕೊಳ್ತೇನೆ," ಎಂದ. ಸಿಕ್ಕಿದೆ, ಸಿಕ್ಕಿದೆ ಎಂದು ಕೂಗಿದರು. "ಜೂನ್ ತಿಂಗಳ ನಡಾವಳಿಯ ಪ್ರಕಾರ ತಪ್ಪು ಕಂಡುಬಂದಲ್ಲಿ ಸಂಪಾದಕ ಹುದ್ದೆ ಬಿಡತಕ್ಕದ್ದು. ಬಿಟ್ಟಿದ್ದೇನೆ."

ಬೇಡ, ಇರಲಿ ಬಿಡಿ ಎಂದು ಯಾರಾದರೂ ಹೇಳಬಹುದೆಂದು ಅವನು ಒಂದು ಕ್ಷಣ ಮೈಕಿನ ಹತ್ತಿರವೇ ನಿಂತ. ಆಸ್ವಾಲ್ಡ್ ಕೈಗಡಿಯಾರ ನೋಡಿಕೊಂಡು, "ಪಿಯುಸಾಬರಿಗೆ ಧನ್ಯವಾದ. ಯಲ್ಲಾ, ನಡೀರಿ, ಊಟ ತಣ್ಣಗಾಗ್ತದೆ," ಎಂದ.

ಊಟದ ಸಾಲಿನಲ್ಲಿ ಬಾಸಿಲ್ ಹತ್ತಿರ ಬಂದ. ಅವನ ಮುಖದಲ್ಲಿ ಗೆದ್ದ ಸಂತೋಷವನ್ನು ಪಿಯುಸ್ ಹುಡುಕಿದ, ಇದ್ದದ್ದು ಗಾಬರಿ.

"ಪಿಯುಸಾಬ್, ಮುಂದಿನ ವರ್ಷದ ಸಂಚಿಕೆಗೆ ನನ್ನನ್ನೇ ಸಂಪಾದಕ ಮಾಡ್ತಾರಂತೆ. ನನ್ನ ಹೆಸರಿನಲ್ಲಿ ತಪ್ಪು ಹೋದ್ರೆ... ಪ್ರೂಫ್ ನೀವು ನೋಡ್ತೀರಲ್ಲ?"

"ನೋಡ್ತೇನೆ," ಎಂದ ಪಿಯುಸ್. "ನನ್ನ ಹೆಸರು ಹಾಕುದು ಬೇಡ."

ಹೇಳಿದ ಮೇಲೆ, ಹಾಕಬಹುದಿತ್ತು ಎನಿಸಿತು.

ಜನ ಹೋದ ಮೇಲೆ ಅವನೂ ಕೊಗ್ಗನೂ ಕುರ್ಚಿಗಳ ನಡುವೆ ಓಡಾಡಿ ಬಿಟ್ಟುಹೋದ ಸಂಚಿಕೆಗಳನ್ನು ಒಟ್ಟು ಮಾಡಿದರು. ಪಿಯುಸ್ ಎಣಿಸಿದ, ಮತ್ತೆ ಎಣಿಸಿದ: ಹತ್ತೊಂಬತ್ತು. ನಾಲ್ಕರ ಮೇಲೆ ಸಾರು ಚೆಲ್ಲಿತ್ತು. ಒಂದರ ಹೊದಿಕೆಯಲ್ಲಿ ಮಗುವೊಂದು ಆನೆ ಬರೆದಿತ್ತು. ಅವನು ಪ್ರತಿಯೊಂದನ್ನೂ ತಲೆಕೆಳಗಾಗಿ ಹಿಡಿದು ಕೊಡವಿದ, ಕುರ್ಚಿಗಳ ಕೆಳಗೂ ಬಗ್ಗಿ ನೋಡಿದ.

"ಎಂತ ಹುಡುಕ್ತೀರಿ?" ಎಂದ ಕೊಗ್ಗ.

"ಚೀಟಿ."

ಹತ್ತೊಂಬತ್ತರಲ್ಲಿ ಒಂದರಲ್ಲೂ ಚೀಟಿ ಇರಲಿಲ್ಲ. ಪುಸ್ತಕ ಬಿಟ್ಟುಹೋದವರೂ ಅದನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡು ಹೋಗಿದ್ದರು.